ಮೀಥೈಲ್ ಬ್ರೋಮೈಡ್ ವಿನಾಯಿತಿಗಳು ಮತ್ತು ಬೆಂಗಳೂರು ಪೂರ್ವ

ಮೀಥೈಲ್ ಬ್ರೋಮೈಡ್ ಎಂಬುದು ಬೆಳೆ, ಧಾನ್ಯ, ಮರ ಮತ್ತು ಮಣ್ಣಿನಲ್ಲಿರುವ ಕೀಟಗಳನ್ನು ಕೊಲ್ಲಲು ಬಳಸುವ ವಿಷಾನಿಲ. ಓಜೋನ್ ಪದರವನ್ನು ಸವೆಸುವ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಏಕೈಕ ಪ್ರಮುಖ ಕೃಷಿ ಕೀಟನಾಶಕ ಇದು. 1987ರ ಮಾಂಟ್ರಿಯಲ್ ಒಪ್ಪಂದದಡಿ ಇದರ ಸಾಮಾನ್ಯ ಬಳಕೆ ಶ್ರೀಮಂತ ದೇಶಗಳಲ್ಲಿ 2005ರಲ್ಲಿ, ಭಾರತದಂಥ ಅಭಿವೃದ್ಧಿಶೀಲ ದೇಶಗಳಲ್ಲಿ 2015ರಲ್ಲಿ ನಿಂತಿತು. ಆದರೂ ಜಗತ್ತಿನಲ್ಲಿ ಇಂದಿಗೂ ವರ್ಷಕ್ಕೆ ಸುಮಾರು 10,000 ಟನ್ ಬಳಕೆಯಾಗುತ್ತಿದೆ. ಅದಕ್ಕೆ ದಾರಿ ಮಾಡಿಕೊಟ್ಟವು ಒಪ್ಪಂದದೊಳಗೇ ಇರುವ ವಿನಾಯಿತಿಗಳು. ಆ ವಿನಾಯಿತಿಗಳು ಏನು, ಯಾವುದು ಮುಗಿಯಿತು, ಯಾವುದು ಉಳಿಯಿತು, ಉಳಿದದ್ದು ಕರ್ನಾಟಕವನ್ನು, ಅದರಲ್ಲೂ ಕೆ.ಆರ್. ಪುರದಾಚೆಯ ವೈಟ್‌ಫೀಲ್ಡ್ ಕಂಟೇನರ್ ಡಿಪೊವನ್ನು ಹೇಗೆ ಮುಟ್ಟುತ್ತದೆ ಎಂಬುದು ಈ ಲೇಖನದ ವಿಷಯ.

ಗುಣ ಮತ್ತು ಬಳಕೆ

ಒಂದು ಇಂಗಾಲ, ಮೂರು ಜಲಜನಕ, ಒಂದು ಬ್ರೋಮಿನ್ ಪರಮಾಣು ಸೇರಿದರೆ ಮೀಥೈಲ್ ಬ್ರೋಮೈಡ್. ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಅನಿಲವಾಗುತ್ತದೆ, ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಬಣ್ಣವಿಲ್ಲ. ಕೆಲಸಗಾರನನ್ನು ಕೊಲ್ಲುವಷ್ಟು ಪ್ರಮಾಣದಲ್ಲಿದ್ದರೂ ವಾಸನೆ ಎದ್ದು ಕಾಣುವುದಿಲ್ಲ. ಆದ್ದರಿಂದಲೇ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಶೇ 2ರಷ್ಟು ಕ್ಲೋರೋಪಿಕ್ರಿನ್ ಬೆರೆಸುತ್ತಾರೆ. ಕಣ್ಣುರಿ ಬಂದರೆ ಅನಿಲ ಸೋರುತ್ತಿದೆ ಎಂದರ್ಥ.

1932ರಲ್ಲಿ ಫ್ರಾನ್ಸಿನ ಲೆ ಗೂಪಿಲ್ ಇದರ ಕೀಟನಾಶಕ ಗುಣವನ್ನು ವರದಿ ಮಾಡಿದ. ಅಲ್ಲಿಂದ ಮುಂದೆ ಇದು ಎರಡು ದಾರಿ ಹಿಡಿಯಿತು. ಮೊದಲನೆಯದು ಹೊಲ: ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ, ಫ್ಲಾರಿಡಾದ ಟೊಮೆಟೊ, ಜಿಂಬಾಬ್ವೆಯ ತಂಬಾಕು ಸಸಿಮಡಿಗಳಲ್ಲಿ ನಾಟಿಗೆ ಮುನ್ನ ಮಣ್ಣಿಗೆ ಅನಿಲ ಹಾಯಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದರು. ಜಂತುಹುಳು, ಶಿಲೀಂಧ್ರ, ಕಳೆಬೀಜ ಎಲ್ಲವೂ ಒಂದೇ ಸಲಕ್ಕೆ ಸಾಯುತ್ತಿದ್ದವು. ಎರಡನೆಯದು ಗೋದಾಮು ಮತ್ತು ಬಂದರು: ಧಾನ್ಯ, ಬೇಳೆ, ಮರದ ದಿಮ್ಮಿ, ಸರಕು ತುಂಬುವ ಮರದ ಪೆಟ್ಟಿಗೆಗಳಿಗೆ ಫ್ಯೂಮಿಗೇಷನ್, ಎಂದರೆ ಅನಿಲ ಹಾಯಿಸಿ ಕೀಟ ಕೊಲ್ಲುವುದು. ಇದಕ್ಕೆ ಪ್ರತಿಸ್ಪರ್ಧಿಯಾದ ಫಾಸ್ಫೀನ್ ಅನಿಲಕ್ಕೆ ಐದರಿಂದ ಏಳು ದಿನ ಬೇಕು. ಮೀಥೈಲ್ ಬ್ರೋಮೈಡ್ 24 ಗಂಟೆಗಳಲ್ಲಿ ಕೆಲಸ ಮುಗಿಸುತ್ತದೆ. ಹಡಗಿನ ದಿನಾಂಕ ತಲೆಯ ಮೇಲೆ ಕೂತಿರುವ ರಫ್ತುದಾರನಿಗೆ ಈ ಒಂದು ವ್ಯತ್ಯಾಸ ಸಾಕು. ವಿನಾಯಿತಿಯ ಇಡೀ ಚರ್ಚೆಯ ಅಡಿಯಲ್ಲಿರುವುದು ಈ ನಾಲ್ಕರಿಂದ ಆರು ದಿನಗಳ ಬೆಲೆ.

ಬಳಸಿದ ಅನಿಲದ ಹೆಚ್ಚಿನ ಪಾಲು ಕೊನೆಗೆ ಗಾಳಿ ಸೇರುತ್ತದೆ. ವಾತಾವರಣದಲ್ಲಿ ಅದರ ಆಯುಷ್ಯ ಒಂದು ವರ್ಷಕ್ಕಿಂತ ಕಡಿಮೆ. ಆದರೆ ಅಷ್ಟರೊಳಗೆ ಒಂದಿಷ್ಟು ಭಾಗ ಸ್ತರಗೋಳ ಮುಟ್ಟಿ, ಬಿಸಿಲಿಗೆ ಒಡೆದು ಬ್ರೋಮಿನ್ ಬಿಡುತ್ತದೆ. ಓಜೋನ್ ಕೆಡಿಸುವುದರಲ್ಲಿ ಒಂದು ಬ್ರೋಮಿನ್ ಪರಮಾಣು ಒಂದು ಕ್ಲೋರಿನ್ ಪರಮಾಣುವಿಗಿಂತ ಸುಮಾರು 60 ಪಟ್ಟು ಬಲಶಾಲಿ. ಒಪ್ಪಂದವು ಈ ಅನಿಲಕ್ಕೆ ಕೊಟ್ಟಿರುವ ಓಜೋನ್ ಸವಕಳಿ ಅಂಕ 0.6, ಹಳೆಯ ಫ್ರಿಜ್‌ಗಳ ಸಿಎಫ್‌ಸಿಗೆ 1. ಸಮುದ್ರ, ಕಾಡುಬೆಂಕಿ, ಭತ್ತದ ಗದ್ದೆ, ಸಾಸಿವೆ ಜಾತಿಯ ಗಿಡಗಳಿಂದಲೂ ಮೀಥೈಲ್ ಬ್ರೋಮೈಡ್ ಹೊರಬರುತ್ತದೆ ಎಂಬುದು ನಿಜ. ನಿರ್ಬಂಧ ಬೇಡವೆಂದವರು ಒಂದು ಕಾಲದಲ್ಲಿ ಇದನ್ನೇ ಮುಂದೊಡ್ಡಿದ್ದರು. ಆದರೆ ಮನುಷ್ಯ ಬಳಕೆ ತಗ್ಗಿಸಿದ ಕೂಡಲೇ ಗಾಳಿಯಲ್ಲಿ ಅದರ ಪ್ರಮಾಣ 1990ರ ದಶಕದ ಕೊನೆಯ ಗರಿಷ್ಠದಿಂದ ಇಳಿಯತೊಡಗಿತು. ಕೆಳವಾತಾವರಣದ ಬ್ರೋಮಿನ್ ಕಡಿಮೆಯಾಗಲು ಮುಖ್ಯ ಕಾರಣ ಈ ಇಳಿಕೆಯೇ.

ಲೆಕ್ಕ ಕೇಳಿದ ವಿನಾಯಿತಿ

1992ರ ಕೋಪನ್‌ಹೇಗನ್ ತಿದ್ದುಪಡಿ ಮೀಥೈಲ್ ಬ್ರೋಮೈಡನ್ನು ಒಪ್ಪಂದದೊಳಗೆ ತಂದಿತು. ಶ್ರೀಮಂತ ದೇಶಗಳು 1991ರ ಮಟ್ಟದಿಂದ 1999ರಲ್ಲಿ ಶೇ 25, 2001ರಲ್ಲಿ ಶೇ 50, 2003ರಲ್ಲಿ ಶೇ 70 ಇಳಿಸಿ, 2005ಕ್ಕೆ ಪೂರ್ತಿ ನಿಲ್ಲಿಸಬೇಕೆಂಬ ವೇಳಾಪಟ್ಟಿ ಆಮೇಲೆ ಬಂತು. ಅಭಿವೃದ್ಧಿಶೀಲ ದೇಶಗಳು 1995–98ರ ಸರಾಸರಿಯನ್ನು 2002ರಲ್ಲಿ ಮೀರಬಾರದು, 2005ರಲ್ಲಿ ಶೇ 20 ಇಳಿಸಬೇಕು, 2015ಕ್ಕೆ ನಿಲ್ಲಿಸಬೇಕು ಎಂದಾಯಿತು.

ನಿಲ್ಲಿಸಲಾಗದು ಎಂದವರಿಗೆ 1997ರಲ್ಲಿ ಒಂದು ಬಾಗಿಲು ತೆರೆಯಿತು. ಅದರ ಹೆಸರು 'ನಿರ್ಣಾಯಕ ಬಳಕೆ ವಿನಾಯಿತಿ'. ಈ ಅನಿಲವಿಲ್ಲದಿದ್ದರೆ ಮಾರುಕಟ್ಟೆಗೆ ಗಣನೀಯ ಪೆಟ್ಟು ಬೀಳುತ್ತದೆ, ರೈತನ ಕೈಗೆಟುಕುವ ಬೇರೆ ಉಪಾಯವಿಲ್ಲ, ಸೋರಿಕೆ ತಗ್ಗಿಸಲು ಸಾಧ್ಯವಾದುದೆಲ್ಲ ಮಾಡಿದ್ದೇವೆ, ಬದಲಿಯ ಸಂಶೋಧನೆ ನಡೆದಿದೆ ಎಂದು ದೇಶವೊಂದು ಬರೆದುಕೊಡಬೇಕು. ತಜ್ಞರ ಸಮಿತಿ ಪರಿಶೀಲಿಸುತ್ತದೆ, ಸದಸ್ಯ ದೇಶಗಳ ಸಭೆ ಬೆಳೆವಾರು, ಟನ್‌ವಾರು ಮಂಜೂರು ಮಾಡುತ್ತದೆ. ಮರುವರ್ಷ ಬೇಕಿದ್ದರೆ ಮತ್ತೆ ಮೊದಲಿನಿಂದ.

ಅಮೆರಿಕ ಈ ಬಾಗಿಲಲ್ಲಿ ದೊಡ್ಡ ಗಂಟು ಹೊತ್ತು ನಿಂತಿತು. ಅದರ ಬೇಡಿಕೆಯೇ ವಿವಾದವಾಗಿ 2004ರ ಮಾರ್ಚ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ವಿಶೇಷ ಸಭೆ ಕರೆಯಬೇಕಾಯಿತು. 2005ನೇ ಸಾಲಿಗೆ ಆ ದೇಶಕ್ಕೆ ಸುಮಾರು 9,500 ಟನ್ ಸಿಕ್ಕಿತು. 1991ರ ಬಳಕೆಯ ಶೇ 37 ಅದು. ಸ್ಟ್ರಾಬೆರಿ, ಟೊಮೆಟೊಗಳ ಜೊತೆಗೆ ಒಣಗಿಸಿದ ಹಂದಿಮಾಂಸದ ಗೋದಾಮುಗಳೂ ಪಟ್ಟಿಯಲ್ಲಿದ್ದವು. ಆಗ ಇದನ್ನು ಕಂಡವರು ನಿಷೇಧ ಮುರಿದುಬಿತ್ತೆಂದೇ ಭಾವಿಸಿದರು. ಆದರೆ ವರ್ಷವರ್ಷವೂ ಕಾಗದ ಬರೆಯಬೇಕು, ಸಮಿತಿಯ ಪ್ರಶ್ನೆಗೆ ಉತ್ತರಿಸಬೇಕು, ಹಿಂದಿನ ಸಲಕ್ಕಿಂತ ಕಡಿಮೆ ಕೇಳಬೇಕು ಎಂಬ ಒತ್ತಡ ತನ್ನ ಕೆಲಸ ಮಾಡಿತು. 2016ರ ಹೊತ್ತಿಗೆ ಅಮೆರಿಕದ ಮಂಜೂರಾತಿ 235 ಟನ್‌ಗೆ ಇಳಿದು, ಅಲ್ಲಿಗೇ ಕೊನೆಯಾಯಿತು. 2015ರ ನಂತರ ಚೀನಾದ ಶುಂಠಿ, ಅರ್ಜೆಂಟೀನಾದ ಟೊಮೆಟೊ ಮತ್ತು ಸ್ಟ್ರಾಬೆರಿ, ದಕ್ಷಿಣ ಆಫ್ರಿಕಾದ ಹಿಟ್ಟಿನ ಗಿರಣಿಗಳು ಇದೇ ಬಾಗಿಲಿಗೆ ಬಂದು ಕೆಲವೇ ವರ್ಷಗಳಲ್ಲಿ ಹಿಂದಿರುಗಿದವು. ಭಾರತ ಈ ವಿನಾಯಿತಿಗೆ ಅರ್ಜಿಯನ್ನೇ ಹಾಕಲಿಲ್ಲ. ನಮ್ಮ ರೈತರು ಮಣ್ಣಿಗೆ ಈ ಅನಿಲ ಹಾಕುವ ರೂಢಿಗೆ ಬೀಳದೇ ಇದ್ದದ್ದು ಅದಕ್ಕೆ ಒಂದು ಕಾರಣ.

ಲೆಕ್ಕ ಕೇಳದ ವಿನಾಯಿತಿ

ಒಪ್ಪಂದದ 2-ಎಚ್ ವಿಧಿಯ ಆರನೆಯ ಪ್ಯಾರಾದಲ್ಲಿ ಒಂದು ಪುಟ್ಟ ವಾಕ್ಯವಿದೆ. 'ಕ್ವಾರಂಟೈನ್ ಮತ್ತು ಸಾಗಣೆಪೂರ್ವ' ಉದ್ದೇಶಕ್ಕೆ ಬಳಸಿದ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂಬುದು ಅದರ ಸಾರ. ಪರಕೀಯ ಪಿಡುಗು ದೇಶದೊಳಗೆ ನುಗ್ಗದಂತೆ ಮಾಡುವ ಉಪಚಾರ ಕ್ವಾರಂಟೈನ್. ಆಮದು ದೇಶವೋ ರಫ್ತು ದೇಶವೋ ವಿಧಿಸಿದ ಷರತ್ತಿನಂತೆ, ಸರಕು ಹೊರಡುವ ಮುನ್ನ 21 ದಿನಗಳೊಳಗೆ ಮಾಡುವ ಉಪಚಾರ ಸಾಗಣೆಪೂರ್ವ. ಇದಕ್ಕೆ ಮಿತಿಯಿಲ್ಲ, ಕೊನೆಯ ದಿನಾಂಕವಿಲ್ಲ, ವಾರ್ಷಿಕ ಅರ್ಜಿಯಿಲ್ಲ. ಎಷ್ಟು ಟನ್ ಬಳಸಿದೆವೆಂದು ವರದಿ ಕೊಟ್ಟರೆ ಸಾಕು. ಅಮೆರಿಕ ಸಸಿಗಳ ನರ್ಸರಿಯ ಮಣ್ಣನ್ನೂ ಇದೇ ಹೆಸರಿನಡಿ ತಂದಾಗ ಇತರ ದೇಶಗಳು ಆಕ್ಷೇಪಿಸಿದವು. ಆಸ್ಟ್ರೇಲಿಯಾ ತನ್ನ ಸ್ಟ್ರಾಬೆರಿ ಸಸಿಗಳಿಗೆ ವರ್ಷಕ್ಕೆ ಸುಮಾರು 29 ಟನ್ನನ್ನು ನಿರ್ಣಾಯಕ ಬಳಕೆಯೆಂದು ತೋರಿಸಿ ಮಂಜೂರಾತಿ ಪಡೆಯುತ್ತಿದ್ದಾಗ, ಅದೇ ಬಗೆಯ ಸಸಿಯ ಮಣ್ಣು ಇನ್ನೊಂದು ದೇಶದಲ್ಲಿ ಲೆಕ್ಕದಿಂದಲೇ ಹೊರಗಿತ್ತು.

ಈ ವಾಕ್ಯಕ್ಕೆ ಜೀವ ತುಂಬಿದ್ದು ಮರದ ಪೆಟ್ಟಿಗೆ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏಷ್ಯಾದ ಉದ್ದಕೊಂಬಿನ ಜೀರುಂಡೆ ಪತ್ತೆಯಾಯಿತು. ಅದು ಚೀನಾದ ಸರಕಿನ ಮರದ ಪೆಟ್ಟಿಗೆಯೊಳಗೆ ಕೂತು ಬಂದದ್ದೆಂದು ತಿಳಿದ ಮೇಲೆ 2002ರಲ್ಲಿ 'ಐಎಸ್‌ಪಿಎಂ 15' ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಗಡಿ ದಾಟುವ ಪ್ಯಾಲೆಟ್, ಕ್ರೇಟ್, ಅಡಿದಿಮ್ಮಿ ಯಾವುದೇ ಇರಲಿ, ತೊಗಟೆ ತೆಗೆದು, ಒಂದೋ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಇರುವಂತೆ ಕಾಯಿಸಬೇಕು, ಇಲ್ಲವೇ ಮೀಥೈಲ್ ಬ್ರೋಮೈಡ್ ಹಾಯಿಸಬೇಕು. ಕಾಯಿಸಿದ್ದಕ್ಕೆ 'ಎಚ್‌ಟಿ', ಅನಿಲಕ್ಕೆ 'ಎಂಬಿ' ಎಂಬ ಮುದ್ರೆ. ಒಂದು ಒಪ್ಪಂದ ಬಾಗಿಲು ಮುಚ್ಚುತ್ತಿದ್ದ ಹೊತ್ತಿನಲ್ಲೇ ಇನ್ನೊಂದು ಮಾನದಂಡ ಕಿಟಕಿ ತೆರೆದದ್ದು ಈ ಚರಿತ್ರೆಯ ದೊಡ್ಡ ದೋಷವೆಂದು ಹೇಳಲೇಬೇಕು. ಯುರೋಪ್ ಒಕ್ಕೂಟ ಮಾತ್ರ ತನ್ನ ನೆಲದಲ್ಲಿ ಕ್ವಾರಂಟೈನ್ ಬಳಕೆಯನ್ನೂ 2010ರ ಮಾರ್ಚ್ 18ರಿಂದ ನಿಲ್ಲಿಸಿತು. ಅಲ್ಲಿನ ವ್ಯಾಪಾರ ನಿಂತುಹೋಗಲಿಲ್ಲ.

ಭಾರತದ ಕಾನೂನು

ಭಾರತ 1992ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತು. ಕೋಪನ್‌ಹೇಗನ್ ತಿದ್ದುಪಡಿಯನ್ನು 2003ರಲ್ಲಿ ಅನುಮೋದಿಸಿತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಓಜೋನ್ ಸವೆಸುವ ವಸ್ತುಗಳ ನಿಯಮಗಳು 2000ದ ಜುಲೈನಲ್ಲಿ ಬಂದವು. ಕೇಂದ್ರ ಪರಿಸರ ಸಚಿವಾಲಯದ ಓಜೋನ್ ಘಟಕ ಇದನ್ನು ನೋಡಿಕೊಳ್ಳುತ್ತದೆ. 1968ರ ಕೀಟನಾಶಕ ಕಾಯ್ದೆಯ ವ್ಯವಸ್ಥೆಯಲ್ಲಿ ಇದು 'ನಿರ್ಬಂಧಿತ' ಕೀಟನಾಶಕ. ಸರ್ಕಾರಿ ಸಂಸ್ಥೆಗಳು ಮತ್ತು ಕೀಟನಿಯಂತ್ರಣ ಸಂಸ್ಥೆಗಳು ಮಾತ್ರ, ಅದೂ ಸರ್ಕಾರಿ ತಜ್ಞರ ಅಥವಾ ಕೇಂದ್ರದ ಸಸ್ಯ ಸಂರಕ್ಷಣಾ ಸಲಹೆಗಾರರು ಒಪ್ಪಿದ ತಜ್ಞರ ಮೇಲ್ವಿಚಾರಣೆಯಲ್ಲಿ ಬಳಸಬಹುದು. ರೈತ ಅಂಗಡಿಯಲ್ಲಿ ಕೊಳ್ಳುವ ಔಷಧ ಇದಲ್ಲ.

ಮೂರನೆಯ ಕಾನೂನು ಇವೆರಡಕ್ಕೂ ಎದುರು ದಿಕ್ಕಿಗೆ ಎಳೆಯುತ್ತದೆ. 1914ರ ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯ್ದೆಯಡಿ ಹೊರಟ 2003ರ ಸಸ್ಯ ಕ್ವಾರಂಟೈನ್ ಆದೇಶ, ಹೊರದೇಶದ ಬೇಳೆಕಾಳು, ಮರದ ದಿಮ್ಮಿ ಮುಂತಾದವು ಹೊರಡುವ ದೇಶದಲ್ಲೇ ಮೀಥೈಲ್ ಬ್ರೋಮೈಡ್ ಉಪಚಾರ ಪಡೆದು ಬರಬೇಕೆಂದಿತು. ಕೆನಡಾ ಒಪ್ಪಲಿಲ್ಲ. ಅಲ್ಲಿನ ಚಳಿಯಲ್ಲಿ ಈ ಅನಿಲ ಸರಿಯಾಗಿ ಕೆಲಸ ಮಾಡದು, ಓಜೋನ್ ಕಾರಣಕ್ಕೆ ತಾವು ಅದನ್ನು ಬಿಡುತ್ತಿದ್ದೇವೆ ಎಂಬುದು ಅದರ ವಾದ. ಅದಕ್ಕಾಗಿ ಭಾರತ ವರ್ಷಗಟ್ಟಲೆ ತಾತ್ಕಾಲಿಕ ಸಡಿಲಿಕೆ ಕೊಡುತ್ತ, ಇಲ್ಲಿನ ಬಂದರಿನಲ್ಲಿ ಉಪಚಾರ ಮಾಡಿಸಿಕೊಳ್ಳುತ್ತ ಬಂತು. ಶಿವಾಜಿನಗರದ ದಿನಸಿ ಅಂಗಡಿಗೆ ಬರುವ ಆಮದು ಮಸೂರ್ ಬೇಳೆಯ ಮೂಲ ಬಹುಪಾಲು ಕೆನಡಾ ಅಥವಾ ಆಸ್ಟ್ರೇಲಿಯಾ. ಒಂದು ಕೈಯಿಂದ ಓಜೋನ್ ಉಳಿಸುವ ಒಪ್ಪಂದಕ್ಕೆ ರುಜು ಹಾಕಿ, ಇನ್ನೊಂದು ಕೈಯಿಂದ ಅದೇ ಅನಿಲವನ್ನು ಪರದೇಶದವರ ಮೇಲೆ ಹೇರುವುದು ಸರಿಯಲ್ಲ.

ದಂಡಿನ ರೈಲುಹಾದಿ ಮತ್ತು ವೈಟ್‌ಫೀಲ್ಡ್

ಬೆಂಗಳೂರಿಗೆ ಸಮುದ್ರವಿಲ್ಲ. ಆದರೆ ದೇಶದ ಮೊದಲ ಒಳನಾಡು ಕಂಟೇನರ್ ಡಿಪೊವನ್ನು ರೈಲ್ವೆ 1981ರಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ಇಂದು ಆ ಕೆಲಸ ನಡೆಯುವುದು ಬೆಂಗಳೂರು ಪೂರ್ವ ತಾಲ್ಲೂಕಿನ ವೈಟ್‌ಫೀಲ್ಡ್ ರೈಲು ನಿಲ್ದಾಣದ ಪಕ್ಕದ ಡಿಪೊದಲ್ಲಿ. 1864ರ ಆಗಸ್ಟ್‌ನಲ್ಲಿ ಜೋಲಾರಪೇಟೆಯಿಂದ ದಂಡಿಗೆ, ಎಂದರೆ ಕಂಟೋನ್ಮೆಂಟಿಗೆ, ಬಂದ ಹಳಿಯೇ ಕೆ.ಆರ್. ಪುರ, ಹೂಡಿ, ವೈಟ್‌ಫೀಲ್ಡ್ ದಾಟಿ ಚೆನ್ನೈ ಬಂದರಿನ ಕಡೆಗೆ ಕಂಟೇನರ್ ಒಯ್ಯುತ್ತದೆ. ಸುಂಕದ ತಪಾಸಣೆ, ಮೊಹರು ಎಲ್ಲ ಇಲ್ಲೇ ಮುಗಿಯುತ್ತದೆ. ಯಂತ್ರವಿರಲಿ, ಗ್ರಾನೈಟ್ ಇರಲಿ, ಕೃಷಿಗೆ ಸಂಬಂಧವೇ ಇಲ್ಲದ ಸರಕೂ ಮರದ ಪ್ಯಾಲೆಟ್ಟಿನ ಮೇಲೆ ಕೂತ ಕ್ಷಣ ಸಸ್ಯ ಕ್ವಾರಂಟೈನ್ ಕಾನೂನಿನೊಳಗೆ ಬರುತ್ತದೆ. ಸಸ್ಯ ಆರೋಗ್ಯದ ಪ್ರಮಾಣಪತ್ರ ಕೊಡುವ ಕೇಂದ್ರ ಸರ್ಕಾರದ ಸಸ್ಯ ಕ್ವಾರಂಟೈನ್ ಕಚೇರಿ ಹೆಬ್ಬಾಳದಲ್ಲಿದೆ.

ಫ್ಯೂಮಿಗೇಷನ್ ಮಾಡುವ ಸಂಸ್ಥೆಗೆ ಫರೀದಾಬಾದಿನ ಸಸ್ಯ ಸಂರಕ್ಷಣೆ, ಕ್ವಾರಂಟೈನ್ ಮತ್ತು ದಾಸ್ತಾನು ನಿರ್ದೇಶನಾಲಯದ ಮಾನ್ಯತೆ ಬೇಕು. ಹೇಗೆ ಮಾಡಬೇಕೆಂದು ರಾಷ್ಟ್ರೀಯ ಮಾನದಂಡ 11, ಯಾರು ಮಾಡಬಹುದೆಂದು ಮಾನದಂಡ 12 ಹೇಳುತ್ತವೆ. ಸರಕನ್ನು ಅನಿಲ ಸೋರದ ಹಾಳೆಯಿಂದ ಮುಚ್ಚಿ, ಅಂಚಿಗೆ ಮರಳು ತುಂಬಿದ ಉದ್ದನೆಯ ಚೀಲಗಳನ್ನು ಹೇರುತ್ತಾರೆ. ಸಿಲಿಂಡರಿನ ದ್ರವವನ್ನು ಬಿಸಿನೀರಿನ ಸುರುಳಿಯ ಮೂಲಕ ಅನಿಲವಾಗಿಸಿ ಒಳಗೆ ಬಿಡುತ್ತಾರೆ. ಆಗಾಗ ಮೀಟರಿನಿಂದ ಸಾಂದ್ರತೆ ಅಳೆಯುತ್ತಾರೆ. 24 ಗಂಟೆಯ ಕೊನೆಗೂ ನಿಗದಿತ ಪ್ರಮಾಣ ಉಳಿದಿರಬೇಕು. ಆಮೇಲೆ ಹಾಳೆ ಎತ್ತುತ್ತಾರೆ, ಬಾಗಿಲು ತೆರೆಯುತ್ತಾರೆ, ಅನಿಲ ಹೊರಗೆ ಹೋಗುತ್ತದೆ. ಹತ್ತು ಲಕ್ಷದಲ್ಲಿ 5 ಭಾಗಕ್ಕಿಂತ ಕೆಳಗಿಳಿದ ಮೇಲಷ್ಟೇ ಜನ ಒಳಗೆ ಕಾಲಿಡಬಹುದು.

ಒಂದು ಕಂಟೇನರಿಗೆ ಎಷ್ಟು ಅನಿಲ ಬೇಕೆಂಬ ಲೆಕ್ಕವನ್ನು ಓದುಗರು ತಾವೇ ಹಾಕಿ ನೋಡಬಹುದು. 20 ಅಡಿ ಕಂಟೇನರಿನ ಒಳಗಾತ್ರ ಸುಮಾರು 33 ಘನ ಮೀಟರ್. ಐಎಸ್‌ಪಿಎಂ 15ರ ಪ್ರಕಾರ ಉಷ್ಣತೆ 21 ಡಿಗ್ರಿಗಿಂತ ಮೇಲಿದ್ದರೆ ಘನ ಮೀಟರಿಗೆ 48 ಗ್ರಾಂ, 16ರಿಂದ 21ರ ನಡುವೆ 56, 16ಕ್ಕಿಂತ ಕೆಳಗೆ 64 ಗ್ರಾಂ. ಬೇಸಿಗೆಯಲ್ಲಿ ಕಂಟೇನರಿಗೆ ಸುಮಾರು 1.6 ಕಿಲೊ ಅನಿಲ. ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಉಷ್ಣತೆ 15–16ಕ್ಕೆ ಇಳಿಯುವುದರಿಂದ ಅದೇ ಕಂಟೇನರಿಗೆ 2 ಕಿಲೊಗೂ ಹೆಚ್ಚು ಬೇಕಾದೀತು. 1.6 ಕಿಲೊವನ್ನು 0.6ರಿಂದ ಗುಣಿಸಿದರೆ ಓಜೋನಿಗೆ ಅದು ಸುಮಾರು ಒಂದು ಕಿಲೊ ಸಿಎಫ್‌ಸಿಗೆ ಸಮ. ಹಳೆಯ ಮನೆಬಳಕೆಯ ಫ್ರಿಜ್ಜಿನಲ್ಲಿ ಇರುತ್ತಿದ್ದ ಸಿಎಫ್‌ಸಿ ನೂರಿನ್ನೂರು ಗ್ರಾಂ. ಆ ಫ್ರಿಜ್ಜುಗಳನ್ನು ನಾವೆಲ್ಲ ಬಿಟ್ಟುಕೊಟ್ಟೆವು. ಒಂದು ಕಂಟೇನರ್ ಅಂಥ ಐದರಿಂದ ಹತ್ತು ಫ್ರಿಜ್ಜುಗಳ ಬಾಬ್ತು. ಮರ ಒಂದಿಷ್ಟು ಹೀರಿಕೊಂಡರೂ ಸಿಂಹಪಾಲು ಆಕಾಶಕ್ಕೇ.

ಭಾರತದಿಂದ ಹೊರಡುವ ಸರಕಿಗೆ ಇನ್ನೊಂದು ಕಷ್ಟವಿದೆ: ಖಪ್ರಾ ಜೀರುಂಡೆ. ಭಾರತವೇ ತವರೆನಿಸಿದ ಈ ದಾಸ್ತಾನು ಕೀಟದ ಮರಿಗಳು ಆಹಾರವಿಲ್ಲದೆಯೂ ವರ್ಷಗಟ್ಟಲೆ ಬಿರುಕಿನಲ್ಲಿ ಅಡಗಿ ಬದುಕಬಲ್ಲವು. ಆಸ್ಟ್ರೇಲಿಯಾ 2020ರಿಂದ ಈಚೆಗೆ ಇದರ ವಿರುದ್ಧ ಬಿಗಿ ಕ್ರಮ ತಂದು, ಭಾರತವನ್ನು ಅಪಾಯದ ದೇಶಗಳ ಪಟ್ಟಿಯಲ್ಲಿಟ್ಟು, ಮೀಥೈಲ್ ಬ್ರೋಮೈಡ್ ಬಳಸುವುದಾದರೆ ಘನ ಮೀಟರಿಗೆ 80 ಗ್ರಾಂನಂತೆ 48 ಗಂಟೆ ಬೇಕೆಂದಿತು. ಕಾಯಿಸಿ ಉಪಚರಿಸುವ ಆಯ್ಕೆಯನ್ನೂ ಅದೇ ನಿಯಮ ಕೊಟ್ಟಿದೆ. ಬೀಜ, ಜೀವಂತ ಸಸಿ, ನವಿರಾದ ಹೂವುಗಳಂಥ ಸರಕಿಗಂತೂ ಈ ಅನಿಲ ಹಾನಿಕರ. ಮೊಳಕೆ ಸಾಯುತ್ತದೆ, ದಳ ಕಂದುತ್ತದೆ.

ಕೆಲಸಗಾರರು

ಈ ಅನಿಲ ಮೊದಲು ಸುಡುವುದು ಅದನ್ನು ಬಿಡುವವರನ್ನು. ತಲೆನೋವು, ವಾಕರಿಕೆ, ಕಣ್ಣು ಮಂಜಾಗುವುದು, ಕೈನಡುಕ, ಮೂರ್ಛೆ, ಇವು ಕೆಲವೊಮ್ಮೆ ಗಂಟೆಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ. ಪ್ರತಿವಿಷವಿಲ್ಲ. 2015ರ ಮಾರ್ಚ್‌ನಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳ ವಸತಿಗೃಹವೊಂದರಲ್ಲಿ ಕಾನೂನುಬಾಹಿರವಾಗಿ ಇದನ್ನು ಬಳಸಿದಾಗ ಅಲ್ಲಿ ತಂಗಿದ್ದ ಕುಟುಂಬವೊಂದು ತೀವ್ರ ನರಹಾನಿಗೆ ತುತ್ತಾಯಿತು. ವಿನಾಯಿತಿ ಉಳಿದಷ್ಟು ದಿನ ಸಿಲಿಂಡರುಗಳು ಮಾರುಕಟ್ಟೆಯಲ್ಲಿ ಇರುತ್ತವೆ, ಇದ್ದಷ್ಟು ದಿನ ತಪ್ಪು ಕೈಗೆ ಸಿಗುವ ಭಯವೂ ಇರುತ್ತದೆ. ಗಾಳಿಗಿಂತ ಭಾರವಾದ ಅನಿಲ ಬಾಗಿಲು ತೆರೆದ ಕೂಡಲೇ ನೆಲದ ಮಟ್ಟದಲ್ಲಿ ಹರಡುವುದರಿಂದ, ಒಂದು ಕಾಲಕ್ಕೆ ಬಯಲಾಗಿದ್ದು ಈಗ ಮನೆಗಳಿಂದ ಕಿಕ್ಕಿರಿದ ಪೂರ್ವ ಬೆಂಗಳೂರಿನಂಥ ಜಾಗದಲ್ಲಿ ಸುತ್ತಲಿನ ಅಂತರ ಕಾಯುವುದು ಜೀವದ ಪ್ರಶ್ನೆ.

ಬದಲಿಗಳು

ಕರ್ನಾಟಕ ಈ ವಿಷಯದಲ್ಲಿ ಬರಿಗೈಯಲ್ಲಿಲ್ಲ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ದಾಸ್ತಾನು ಧಾನ್ಯದ ಫ್ಯೂಮಿಗೇಷನ್ ಬಗ್ಗೆ ದಶಕಗಳ ಕೆಲಸ ಮಾಡಿದೆ. ಅಲ್ಲಿನ ಎಸ್. ರಾಜೇಂದ್ರನ್ ಅವರು ಮೀಥೈಲ್ ಬ್ರೋಮೈಡಿನ ಬದಲಿಗಳ ಮೇಲೂ, ಕೀಟಗಳು ಫಾಸ್ಫೀನಿಗೆ ಒಗ್ಗಿಕೊಳ್ಳುತ್ತಿರುವುದರ ಮೇಲೂ ಸಂಶೋಧನೆ ನಡೆಸಿದವರು. ಎರಡನೆಯದು ಗಂಭೀರ ಸಂಗತಿ. ಭಾರತೀಯ ಆಹಾರ ನಿಗಮದ ಗೋದಾಮುಗಳ ಅಕ್ಕಿ, ಗೋಧಿ ಫಾಸ್ಫೀನನ್ನೇ ನಂಬಿಕೊಂಡಿವೆ. ಸೋರುವ ಹಾಳೆ, ಕಡಿಮೆ ದಿನ, ಕಡಿಮೆ ಮಾತ್ರೆ ಎಂದು ಅರೆಬರೆ ಮಾಡಿದ ಪ್ರತಿ ಫ್ಯೂಮಿಗೇಷನ್ ಬದುಕುಳಿದ ಹುಳುವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಗಾಳಿ ತಡೆದು ಹುಳು ಕೊಲ್ಲುವ ವಿದ್ಯೆ ಹಳೆಯ ಮೈಸೂರು ಸೀಮೆಗೆ ಹೊಸದಲ್ಲ. ನೆಲದೊಳಗೆ ತೋಡಿದ ಹಗೇವಿನಲ್ಲಿ ರಾಗಿ ತುಂಬಿ ಬಾಯಿ ಮುಚ್ಚಿದರೆ ಒಳಗೆ ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ರಾಗಿ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ. ತೆರೆದ ದಿನ ಯಾರೂ ಕೂಡಲೇ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಇಂದು ಗಾಳಿಯಾಡದ ಚೀಲ, ಇಂಗಾಲದ ಡೈಆಕ್ಸೈಡ್ ಉಪಚಾರ ಎಂದು ಮಾರುವ ತಂತ್ರ ಇದೇ ತತ್ವದ್ದು. ಮಣ್ಣಿನ ವಿಷಯದಲ್ಲೂ ಹಾಗೆಯೇ. ದಕ್ಷಿಣ ಕನ್ನಡ, ಕಾಸರಗೋಡಿನ ತೋಟಗಳ ಸುಡುಮಣ್ಣು, ತಂಬಾಕಿನ ಸಸಿಮಡಿಯ ಮೇಲೆ ಕಸಕಡ್ಡಿ ಸುಡುವ ರೂಢಿ, ಬೇಸಿಗೆಯಲ್ಲಿ ಒದ್ದೆ ಮಣ್ಣಿಗೆ ತೆಳು ಪ್ಲಾಸ್ಟಿಕ್ ಹೊದಿಸಿ ಬಿಸಿಲಿನಿಂದಲೇ ಜಂತು ಕೊಲ್ಲುವ ವಿಧಾನ, ಇವು ಇದ್ದುದರಿಂದ ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರ ಜಿಂಬಾಬ್ವೆಯ ಬೆಳೆಗಾರನ ಹಾಗೆ ಈ ಅನಿಲದ ಮೇಲೆ ಒರಗಬೇಕಾಗಲಿಲ್ಲ. ಬೆಂಕಿಗೆ ಹೊಗೆಯ ದೋಷವಿದೆ. ಬಿಸಿಲಿಗೆ ಆ ದೋಷವಿಲ್ಲ.

ಹಣ್ಣಿಗೆ ವಿಕಿರಣ ಬಂದಿದೆ. 2007ರಿಂದ ಅಮೆರಿಕಕ್ಕೆ ಹೋಗುವ ಭಾರತದ ಮಾವಿಗೆ ವಿಕಿರಣ ಉಪಚಾರ ಕಡ್ಡಾಯ. ವೈಟ್‌ಫೀಲ್ಡಿನಿಂದ ದೂರವಲ್ಲದ ಮಾಲೂರಿನಲ್ಲಿ ಆ ಸೌಲಭ್ಯವಿದೆ. ಮರಕ್ಕೆ 2018ರಿಂದ ಐಎಸ್‌ಪಿಎಂ 15 ಸಲ್ಫ್ಯೂರಿಲ್ ಫ್ಲೋರೈಡನ್ನೂ ಒಪ್ಪಿದೆ. ಓಜೋನಿಗೆ ಅದು ಕೆಡುಕಲ್ಲ, ಆದರೆ ಭೂಮಿ ಬಿಸಿಯಾಗಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಹೆಚ್ಚು. ಹಾಗಾಗಿ ಅದು ಉತ್ತರವಾಗಲಾರದು. ನ್ಯೂಜಿಲೆಂಡ್ ತನ್ನ ಪೈನ್ ದಿಮ್ಮಿಗಳಿಗೆ ಬಳಸಿದ ಅನಿಲವನ್ನು ಗಾಳಿಗೆ ಬಿಡದೆ ಹಿಡಿಯಬೇಕೆಂಬ ನಿಯಮ ತಂದಿದೆ. ಇಂಗಾಲದ ಪುಡಿ ತುಂಬಿದ ಪಾತ್ರೆಯ ಮೂಲಕ ಅನಿಲ ಹಾಯಿಸಿ ಹಿಡಿಯುವುದು ಕಷ್ಟದ ತಂತ್ರವೇನಲ್ಲ, ಖರ್ಚಿನದು. ವಿನಾಯಿತಿ ಬಿಟ್ಟಿಯಾಗಿ ಸಿಗುವಲ್ಲಿ ಆ ಖರ್ಚನ್ನು ಯಾರೂ ತಾವಾಗಿ ಹೊರುವುದಿಲ್ಲ.

ಮರದ ಪ್ಯಾಲೆಟ್ಟಿಗೆ ಮಾತ್ರ ಇಂಥ ಯಾವ ಗೊಂದಲವೂ ಇಲ್ಲ. ಕಾಯಿಸಿದ ಮರವನ್ನು ಐಎಸ್‌ಪಿಎಂ 15 ಪಾಲಿಸುವ ದೇಶಗಳೆಲ್ಲ ಒಪ್ಪುತ್ತವೆ, ಅದಕ್ಕೆ ಒಂದು ಗೂಡು ಮತ್ತು ಅರ್ಧ ಗಂಟೆಯ 56 ಡಿಗ್ರಿ ಸಾಕು. ವೈಟ್‌ಫೀಲ್ಡಿನಿಂದ ಸರಕು ಕಳಿಸುವವರು ಪ್ಯಾಲೆಟ್ ಕೊಳ್ಳುವಾಗ ಬದಿಯ ಮುದ್ರೆ ಓದಲಿ, 'ಎಂಬಿ' ಬಿಟ್ಟು 'ಎಚ್‌ಟಿ' ಕೇಳಲಿ.